ಸಡಿಲವಾದ ಸ್ಟಿಯರಿಂಗ್ ಮತ್ತು ನಮ್ಮ ಮನಸ್ಸಾಕ್ಷಿ

ನಮ್ಮ ಮನೆಯಂಗಳದಲ್ಲಿ ತಂದೆಯವರ ಕಾಲದ ಒಂದು ಅಂಬಾಸಿಡರ್ ಕಾರಿದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಆ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಯಿತು. ನಮ್ಮದು ಮಾತ್ರ ಇಂದಿಗೂ ಓಡುತ್ತಿದೆ. ಭಾನುವಾರದ ಬಲಿಪೂಜೆಗೆ ಹೋಗುವಾಗ ಪಕ್ಕದ ಮನೆಯ ಅಜ್ಜಿಯೂ ನಮ್ಮೊಡನೆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಸ್ಟಿಯರಿಂಗ್ ಸಡಿಲವಾಯಿತು. ಎರಡು ಬೆರಳಗಲ ತಿರುಗಿಸಿದ ಮೇಲಷ್ಟೇ ಮುಂದಿನ ಗಾಲಿಗಳು ಅಲುಗುತ್ತಿದ್ದವು. ಮೆಕ್ಯಾನಿಕ್ಕುಗಳು ಇದನ್ನು ‘ಪ್ಲೇ’ ಎನ್ನುತ್ತಾರೆ. ಹೆಸರು ಆಟದ್ದಾದರೂ ಸಂಗತಿ ಆಟದ್ದಲ್ಲ.

ಗ್ಯಾರೇಜಿಗೆ ಕೊಡುವುದೋ, ಮನೆಯಲ್ಲೇ ಸರಿಪಡಿಸುವುದೋ? ನನ್ನ ಮನಸ್ಸು ಎರಡನೆಯದರತ್ತ ವಾಲಿತು. ತಂದೆಯವರು ಈ ಕಾರಿನ ಮುಕ್ಕಾಲು ಪಾಲು ರಿಪೇರಿಗಳನ್ನು ತಾವೇ ಮಾಡಿ, ಉಳಿದ ಹಣದಲ್ಲಿ ನಮ್ಮ ಶಾಲೆಯ ಫೀಸು ಕಟ್ಟಿದವರು. ಅವರ ಸ್ಪ್ಯಾನರುಗಳು ಈಗಲೂ ನನ್ನ ಬಳಿ ಇವೆ. ಕೈಕೆಲಸವನ್ನು ಧರ್ಮಸಭೆ ಎಂದೂ ಕೀಳಾಗಿ ಕಂಡಿಲ್ಲ. 1955ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ಹಾಗಿರುವಾಗ ನನ್ನ ಕಾರನ್ನು ನಾನೇ ರಿಪೇರಿ ಮಾಡಿದರೆ ತಪ್ಪೇನು?

ಈ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಪತ್ನಿ ಕೇಳಿದ್ದು ಒಂದೇ ಪ್ರಶ್ನೆ: “ರೀ, ನಿಮಗೆ ಕೆಲಸ ಬರುತ್ತದೆ ಅಂತ ನನಗೆ ಗೊತ್ತು. ಆದರೆ ಹಿಂದೆ ಕೂರುವ ಅಜ್ಜಿಯನ್ನು ಕೇಳಿದ್ದೀರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಸೆಲ್ಫ್ ಹಿಡಿಯದಿದ್ದರೆ ಕಾರನ್ನು ತಳ್ಳಬಹುದು. ಎಂಜಿನ್ ಕೆಟ್ಟರೆ ರಸ್ತೆಬದಿಯಲ್ಲಿ ನಿಲ್ಲಬಹುದು. ಆಗ ನಷ್ಟ ನನ್ನದು, ನಗೆಪಾಟಲೂ ನನ್ನದೇ. ಸ್ಟಿಯರಿಂಗಿನ ಒಂದು ಜಾಯಿಂಟ್ ಕಳಚಿದರೆ ಹಾಗಲ್ಲ. ನಾನು ಎಷ್ಟು ತಿರುಗಿಸಿದರೂ ಗಾಲಿ ನನ್ನ ಮಾತು ಕೇಳುವುದಿಲ್ಲ. ಆ ತಪ್ಪಿನ ಬೆಲೆಯನ್ನು ಹಿಂದೆ ಕುಳಿತವರು, ಎದುರಿನಿಂದ ಬರುವ ಬೈಕಿನವರು, ರಸ್ತೆ ದಾಟುವ ಮಕ್ಕಳು ತೆರಬೇಕಾಗುತ್ತದೆ. ಅವರಲ್ಲಿ ಯಾರೂ ನನ್ನ ಕೈಚಳಕವನ್ನು ನಂಬುತ್ತೇನೆಂದು ಒಪ್ಪಿಕೊಟ್ಟವರಲ್ಲ.

ವಿಮೋಚನಾ ಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಬಗ್ಗೆ ಒಂದು ನಿಯಮವಿದೆ. ಎಂದೂ ಹಾಯದ ಎತ್ತು ಒಮ್ಮೆಗೇ ಹಾಯ್ದು ಒಬ್ಬನನ್ನು ಕೊಂದರೆ ಅದರ ಒಡೆಯ ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರೂ ಕಟ್ಟಿಹಾಕದಿದ್ದರೆ ಒಡೆಯನೇ ಹೊಣೆ. ತಿಳಿದ ಕ್ಷಣದಿಂದ ಹೊಣೆಗಾರಿಕೆ ಬದಲಾಗುತ್ತದೆ. ನನ್ನ ಸ್ಟಿಯರಿಂಗ್ ಸಡಿಲವಾಗಿದೆಯೆಂದು ತಿಳಿದ ಮೇಲೂ “ಮುಂದಿನ ವಾರ ನೋಡೋಣ” ಎನ್ನುತ್ತಾ ಓಡಿಸುತ್ತಿದ್ದರೆ ನಾನು ಆ ಎರಡನೆಯ ಒಡೆಯನೇ ಅಲ್ಲವೇ? ಆದ್ದರಿಂದ ಯಾರು ರಿಪೇರಿ ಮಾಡಬೇಕೆಂಬ ಪ್ರಶ್ನೆಗಿಂತ ಮೊದಲು ಕಾರನ್ನು ನಿಲ್ಲಿಸಬೇಕಿತ್ತು. ಆ ಭಾನುವಾರ ನಾವೆಲ್ಲ ಬಸ್ಸಿನಲ್ಲಿ ಪೂಜೆಗೆ ಹೋದೆವು.

ಅನಂತರ ತೊಂದರೆ ಎಲ್ಲಿದೆ ಎಂದು ಹುಡುಕಿದೆ. ಅಂಬಾಸಿಡರಿನ ಸ್ಟಿಯರಿಂಗ್ ಕಂಬಿಯ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವಿದೆ. ಅದು ತಿರುಗಿದಾಗ ರಾಕ್ ಎಂಬ ಹಲ್ಲಿನ ಸಲಾಕೆ ಎಡಕ್ಕೋ ಬಲಕ್ಕೋ ಸರಿದು, ಟೈರಾಡುಗಳ ಮೂಲಕ ಗಾಲಿಗಳನ್ನು ತಿರುಗಿಸುತ್ತದೆ. ನಾವು ಹೆಚ್ಚು ಓಡಿಸುವುದು ನೇರವಾಗಿ; ಹಾಗಾಗಿ ರಾಕಿನ ನಡುವಿನ ಹಲ್ಲುಗಳು ಹೆಚ್ಚು ಸವೆಯುತ್ತವೆ. ಇಲ್ಲೇ ದೊಡ್ಡ ಪ್ರಲೋಭನೆ ಇರುವುದು. ರಾಕನ್ನು ಪಿನಿಯನ್ನಿಗೆ ಒತ್ತಿಹಿಡಿಯುವ ಭಾಗವನ್ನು ಬಿಗಿಮಾಡಿದರೆ ನಡುವಿನ ಪ್ಲೇ ಮಾಯವಾಗುತ್ತದೆ. ನೇರ ರಸ್ತೆಯಲ್ಲಿ ಕಾರು ಹೊಸದರಂತೆ ಓಡುತ್ತದೆ. ಆದರೆ ಎರಡು ಬದಿಯ ಹಲ್ಲುಗಳು ಸವೆದಿರುವುದಿಲ್ಲ. ಪೂರ್ತಿ ತಿರುಗಿಸಿದಾಗ ಸ್ಟಿಯರಿಂಗ್ ಅಲ್ಲಿ ಬಿಗಿದುಕೊಳ್ಳಬಹುದು. ಬಡಾವಣೆಯ ನೇರ ರಸ್ತೆಯಲ್ಲಿ ಕಾಣದ ದೋಷ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎದುರಾಗುತ್ತದೆ.

ಮನಸ್ಸಾಕ್ಷಿಯೂ ಹೀಗೆಯೇ. ದಿನವೂ ಓಡುವ ದಾರಿಯಲ್ಲಿ ಮಾತ್ರ ಅದನ್ನು ಪರೀಕ್ಷಿಸಿ “ಎಲ್ಲ ಸರಿಯಿದೆ” ಎಂದುಕೊಳ್ಳುತ್ತೇವೆ. ತಿರುವು ಬಂದಾಗಲೇ ನಿಜಸ್ಥಿತಿ ತಿಳಿಯುವುದು.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 1806ನೆಯ ಪರಿಚ್ಛೇದದಲ್ಲಿ ವಿವೇಕವನ್ನು ಸದ್ಗುಣಗಳ ಸಾರಥಿಯೆಂದು ಕರೆಯುತ್ತದೆ. ಧೈರ್ಯ, ಮಿತವ್ಯಯ, ಶ್ರಮ ಎಲ್ಲವೂ ಒಳ್ಳೆಯವೇ. ಆದರೆ ಅವು ಯಾವ ದಿಕ್ಕಿಗೆ ಹೋಗಬೇಕೆಂದು ತೋರಿಸುವುದು ವಿವೇಕ. ಸಂತ ತೋಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆಯವರಿಂದ ಕಲಿಯುವ ಮನಸ್ಸನ್ನು ವಿವೇಕದ ಒಂದು ಅಂಗವೆಂದೇ ಎಣಿಸುತ್ತಾರೆ. ಅಂದರೆ ಬಲ್ಲವರನ್ನು ಕೇಳುವುದು ದಡ್ಡರ ಲಕ್ಷಣವಲ್ಲ, ವಿವೇಕಿಯ ಲಕ್ಷಣ.

ಹಾಗೆಂದು ಗ್ಯಾರೇಜಿಗೆ ಹಣ ಕೊಟ್ಟೊಡನೆ ನಮ್ಮ ಹೊಣೆ ಮುಗಿಯಿತೆಂದೂ ತಿಳಿಯಬಾರದು. ಏನು ಸರಿಮಾಡಿದರು, ಯಾವ ಭಾಗ ಬದಲಿಸಿದರು ಎಂದು ಕೇಳದೆ ಬೀಗದ ಕೈ ತೆಗೆದುಕೊಂಡು ಬರುವುದು ಪಿಲಾತನು ಕೈತೊಳೆದುಕೊಂಡಂತೆ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಮನಸ್ಸಾಕ್ಷಿಯನ್ನು ಒಪ್ಪಿಸಲಾಗದು.

ಕೊನೆಗೆ ಏನು ಮಾಡಿದೆ ಎಂದು ಕೇಳುವಿರಿ. ಮಗನಿಗೆ ಸ್ಟಿಯರಿಂಗನ್ನು ಅತ್ತಿತ್ತ ಅಲುಗಿಸಲು ಹೇಳಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಿದೆ. ಸವೆದಿದ್ದದ್ದು ಎಡಗಡೆಯ ಟೈರಾಡ್ ಎಂಡ್. ಆ ಕೆಲಸ ನನಗೆ ಗೊತ್ತಿತ್ತು. ಜಾಕ್ ಒಂದನ್ನೇ ನಂಬದೆ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಹೊಸ ಭಾಗ ಹಾಕಿ, ಹೊಸ ಸ್ಪ್ಲಿಟ್ ಪಿನ್ ಮಡಚಿದೆ. ರಾಕಿನ ತಂಟೆಗೆ ಹೋಗಲಿಲ್ಲ. ಕಾರನ್ನು ರಸ್ತೆಗಿಳಿಸುವ ಮುನ್ನ ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಮನೆಗೆ ಕರೆದೆ. ಅವರು ಕೆಳಗೆ ಬಗ್ಗಿ ಟೈರಾಡಿನ ಲಾಕ್ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಅದು ಇನ್ನೂ ಕಾಲು ಸುತ್ತು ತಿರುಗಿತು!

ಬಿಗಿ ಮಾಡಿದ್ದೇನೆ ಎಂದು ನಾನು ಆಣೆಯಿಟ್ಟು ಹೇಳಲು ಸಿದ್ಧನಿದ್ದ ನಟ್ಟು ಅದು. ಅವರು ಏನೂ ಹೇಳಲಿಲ್ಲ. ಬಿಗಿಮಾಡಿ, “ಇನ್ನು ವೀಲ್ ಅಲೈನ್‌ಮೆಂಟ್ ಮಾಡಿಸಿಬಿಡಿ” ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು. ಅಂದು ಪಾಪನಿವೇದನೆಯ ಪೀಠದ ನೆನಪು ನನಗಾಯಿತು. ನಮ್ಮ ಕಣ್ಣಿಗೆ ಕಾಣದ ಸಡಿಲತೆಯನ್ನು ಇನ್ನೊಬ್ಬರ ಕೈ ಕಂಡುಹಿಡಿಯುತ್ತದೆ.

ಪ್ರಿಯ ಓದುಗರೇ, ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ತಪ್ಪಾದರೆ ಪೆಟ್ಟು ಬೀಳುವುದು ಯಾರಿಗೆ? ನನ್ನ ಕೆಲಸ ಸರಿಯಾಗಿದೆಯೆಂದು ಪರೀಕ್ಷಿಸಲು ನನಗೆ ಬರುತ್ತದೆಯೇ? ‘ಇದು ಸರಿಯಿಲ್ಲ’ ಎಂದು ಹೇಳಬಲ್ಲವರಿಗೆ ಅದನ್ನು ತೋರಿಸಲು ನಾನು ಸಿದ್ಧನೇ? ಮೂರನೆಯದಕ್ಕೆ ಮನಸ್ಸು ಹಿಂಜರಿದರೆ ಅಲ್ಲಿರುವುದು ಉಳಿತಾಯದ ಗುಣವಲ್ಲ, ಅಹಂಕಾರ.

ಜುಲೈ 25ರಂದು, ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ದಿನದಂದು, ಅನೇಕ ಕಡೆ ಗುರುಗಳು ವಾಹನಗಳನ್ನು ಆಶೀರ್ವದಿಸುತ್ತಾರೆ. ನಾವೂ ಶ್ರದ್ಧೆಯಿಂದ ಆಶೀರ್ವಾದ ಪಡೆಯೋಣ. ಆದರೆ ಪವಿತ್ರ ಜಲ ಸಡಿಲವಾದ ನಟ್ಟನ್ನು ಬಿಗಿಮಾಡುವುದಿಲ್ಲ. ಆ ಕೆಲಸಕ್ಕೆ ದೇವರು ನಮಗೆ ಕೈಗಳನ್ನು ಕೊಟ್ಟಿದ್ದಾರೆ. ಆ ಕೈಗಳ ಕೆಲಸವನ್ನು ನೋಡಲು ನೆರೆಯವರನ್ನೂ ಕೊಟ್ಟಿದ್ದಾರೆ.