ಹಬ್ಬಕ್ಕೆ ಎಷ್ಟು ವಯಸ್ಸಾಗಿರಬೇಕು?

ಜನವರಿ 31ರ ಸಂಜೆ ಪಕ್ಕದ ಮನೆಯ ಅಜ್ಜಿ ಒಂದು ಹೊರೆ ಜೊಂಡುಹುಲ್ಲು ತಂದು ನಮ್ಮ ಅಡುಗೆಮನೆಯ ನೆಲದ ಮೇಲೆ ಹರಡಿದರು. ಐರ್ಲೆಂಡಿನ ಕಿಲ್ಡೇರ್ ಸೀಮೆಗೆ ನಾವು ಬಂದು ಆಗಿನ್ನೂ ಎರಡು ವರ್ಷ. ಹುಲ್ಲಿನಿಂದ ಜೌಗುನೆಲದ ವಾಸನೆ ಬರುತ್ತಿತ್ತು. ಅದಕ್ಕೆ ಕುಡುಗೋಲು ತಾಕಿಸಬಾರದು, ಕೈಯಿಂದಲೇ ಕೀಳಬೇಕು ಎಂದರು. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದರು. ಇನ್ನೊಂದನ್ನು ಅರ್ಧಕ್ಕೆ ಮಡಚಿ ಅದರ ನಡುವಿಗೆ ಸಿಕ್ಕಿಸಿದರು. ಕೈಯಲ್ಲಿದ್ದುದನ್ನು ಕಾಲು ಸುತ್ತು ತಿರುಗಿಸಿ ಮತ್ತೊಂದು ಮಡಚಿದ ಕಡ್ಡಿ. ಮತ್ತೆ ಕಾಲು ಸುತ್ತು, ಮತ್ತೊಂದು ಕಡ್ಡಿ. ಹೀಗೆ ಹೆಣೆಯುತ್ತಾ ಹೋದಂತೆ ನಡುವೆ ಒಂದು ಚೌಕ ಮೂಡಿ, ನಾಲ್ಕು ದಿಕ್ಕಿಗೆ ನಾಲ್ಕು ತೋಳು ಚಾಚಿಕೊಂಡವು. ತುದಿಗಳನ್ನು ದಾರದಿಂದ ಬಿಗಿದು, ಕತ್ತರಿಯಿಂದ ಸಮ ಮಾಡಿ, "ಬಾಗಿಲ ಮೇಲೆ ಸಿಕ್ಕಿಸು, ಬೆಂಕಿ ಒಳಗೆ ಬರೋದಿಲ್ಲ" ಎಂದರು. ಉಳಿದ ಒಂದು ಕಡ್ಡಿಯ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ನನ್ನ ಮಗಳ ಅಂಗೈಯಲ್ಲಿಟ್ಟರು. ಹತ್ತಿಯ ಬತ್ತಿಗಿಂತ ಹಗುರ. ಮೇಣದಬತ್ತಿ ಕೊಳ್ಳಲಾಗದ ಮನೆಗಳಲ್ಲಿ ಒಂದು ಕಾಲಕ್ಕೆ ಈ ತಿರುಳನ್ನೇ ಕೊಬ್ಬಿನಲ್ಲಿ ಅದ್ದಿ ದೀಪವಾಗಿ ಉರಿಸುತ್ತಿದ್ದರಂತೆ.

ಮರುದಿನ ಸಂತ ಬ್ರಿಜಿಡ್‌ಳ ಹಬ್ಬ. ಐರ್ಲೆಂಡಿನವರ ಲೆಕ್ಕದಲ್ಲಿ ಅದು ವಸಂತದ ಮೊದಲ ದಿನ. ನನಗೆ ಇದು ಬಹಳ ಕಾಲ ಅರ್ಥವಾಗಲಿಲ್ಲ. ಹೊರಗೆ ಮೂಳೆ ಕೊರೆಯುವ ಚಳಿ. ಮರಗಳಲ್ಲಿ ಒಂದು ಎಲೆಯೂ ಇಲ್ಲ. ಎಲ್ಲೋ ಗೋಡೆಯ ಬುಡದಲ್ಲಿ ತಲೆ ತಗ್ಗಿಸಿ ನಿಂತ ಬಿಳಿಯ ಸ್ನೋಡ್ರಾಪ್ ಹೂ ಬಿಟ್ಟರೆ ಕಣ್ಣಿಗೆ ಏನೂ ಬೀಳುವುದಿಲ್ಲ. ಹವಾಮಾನ ಇಲಾಖೆಗಳು ಸಾಮಾನ್ಯವಾಗಿ ವಸಂತವನ್ನು ಮಾರ್ಚ್ 1ರಿಂದ ಎಣಿಸುತ್ತವೆ. ಖಗೋಳಶಾಸ್ತ್ರಕ್ಕೆ ಅದು ಹಗಲು ರಾತ್ರಿ ಸಮವಾಗುವ ಮಾರ್ಚ್ 20ರ ಆಸುಪಾಸು. ಕುರಿ ಸಾಕಿ ಬದುಕಿದವರ ಎಣಿಕೆ ಇವೆರಡಕ್ಕಿಂತ ಬೇರೆ. ಈ ದಿನದ ಹಳೆಯ ಹೆಸರು ಇಂಬೋಲ್ಕ್. ಆ ಪದದ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲವಾದರೂ, ಕ್ರಿ.ಶ. 900ರ ಸುಮಾರಿನ ಕಾರ್ಮಕ್‌ನ ನಿಘಂಟು ಅದನ್ನು ಕುರಿಯ ಹಾಲಿನೊಂದಿಗೆ ಜೋಡಿಸುತ್ತದೆ. ಗಬ್ಬದ ಕುರಿಗಳ ಕೆಚ್ಚಲು ತುಂಬಿಕೊಳ್ಳುವ ಹೊತ್ತು ಅದು. ಚಳಿಗಾಲವಿಡೀ ಹಾಲಿನ ಪಾತ್ರೆ ಬೋರಲಾಗಿದ್ದ ಮನೆಗೆ ವಸಂತ ಹೂವಾಗಿ ಬರುವುದಿಲ್ಲ, ಹಾಲಾಗಿ ಬರುತ್ತದೆ. ಡಿಸೆಂಬರ್ ಕೊನೆಯಲ್ಲಿ ಏಳೂವರೆ ಗಂಟೆಗೆ ಕುಗ್ಗಿದ್ದ ಹಗಲು ಫೆಬ್ರವರಿ 1ರ ಹೊತ್ತಿಗೆ ಒಂಬತ್ತು ಗಂಟೆಯ ಹತ್ತಿರ ಬಂದಿರುತ್ತದೆ. ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರೂ ಒಬ್ಬರಿಗೊಬ್ಬರು "ಸಂಜೆ ಉದ್ದ ಆಗ್ತಾ ಇದೆ ನೋಡಿ" ಎನ್ನುತ್ತಾರೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕು. ಹಬ್ಬ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ಈಗ ಅನಿಸುತ್ತದೆ.

ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ವಿಕ್ಕಾ ಧರ್ಮವನ್ನು ಪಾಲಿಸುತ್ತಾಳೆ. ವಿಕ್ಕಾದವರು ದೇವಿಯನ್ನೂ ಅವಳ ಜೊತೆಗಾರನಾದ ದೇವನನ್ನೂ ಪೂಜಿಸುತ್ತಾರೆ, ವರ್ಷವನ್ನು ಎಂಟು ಅರೆಗಳ ಚಕ್ರವೆಂದು ಭಾವಿಸಿ ಎಂಟು ಹಬ್ಬ ಮಾಡುತ್ತಾರೆ. ಇಂಬೋಲ್ಕ್‌ನಲ್ಲಿ ಮನೆಯಿಡೀ ಗುಡಿಸಿ ಒರೆಸಿ ಮೇಣದಬತ್ತಿ ಹಚ್ಚುತ್ತಾಳೆ. ಮಾರ್ಚ್‌ನ ಸಮಹಗಲಿನ ದಿನ ಓಸ್ಟಾರಾ ಹಬ್ಬಕ್ಕೆ ಮೊಟ್ಟೆಗಳಿಗೆ ಬಣ್ಣ ಬಳಿದು, ಕುಂಡಗಳಲ್ಲಿ ಬೀಜ ಹಾಕುತ್ತಾಳೆ. ಇದೆಲ್ಲ ಐದು ಸಾವಿರ ವರ್ಷದ ಕೆಲ್ಟಿಕ್ ಪದ್ಧತಿ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಒಂದು ದಿನ ಇತಿಹಾಸಕಾರ ರೊನಾಲ್ಡ್ ಹಟನ್ ಅವರ ಪುಸ್ತಕವನ್ನು ಓದಿ ಮುಗಿಸಿ ಬಂದಳು. ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಕೇಳಿದಳು: "ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಸುಳ್ಳಾ?"

ಆ ಪ್ರಶ್ನೆಗೆ ನಾನು ಅವತ್ತು ಏನೂ ಹೇಳಲಿಲ್ಲ. ಈಗ ಹೇಳಲು ಪ್ರಯತ್ನಿಸುತ್ತಿದ್ದೇನೆ.

ಅವಳು ಓದಿದ ಸಂಗತಿಗಳು ನಿಜ. ಎಂಟು ಅರೆಗಳ ಚಕ್ರವನ್ನು ಪ್ರಾಚೀನ ಕಾಲದ ಯಾವ ಜನಾಂಗವೂ ಇಡಿಯಾಗಿ ಆಚರಿಸಿದ್ದಕ್ಕೆ ಆಧಾರವಿಲ್ಲ. ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸ ಎಂಬ ನಾಲ್ಕು ಹಬ್ಬಗಳು ಐರ್ಲೆಂಡಿನ ಹಳೆಯ ಬರಹಗಳಲ್ಲಿವೆ. ಅವುಗಳ ನಡುವೆ ಎರಡು ಅಯನಗಳನ್ನೂ ಎರಡು ಸಮಹಗಲುಗಳನ್ನೂ ಸೇರಿಸಿ ಚಕ್ರ ಪೂರ್ಣಗೊಳಿಸಿದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ಅದರಲ್ಲಿ ವಿಕ್ಕಾದ ಜೆರಾಲ್ಡ್ ಗಾರ್ಡ್ನರ್ ಅವರ ಬಳಗದ್ದೂ, ಅವರ ಗೆಳೆಯ ಹಾಗೂ ಡ್ರೂಯಿಡ್ ಪಂಥದ ರಾಸ್ ನಿಕೋಲ್ಸ್ ಅವರದ್ದೂ ಕೈಯಿದೆ. ಗಾರ್ಡ್ನರ್ ತಮ್ಮ ದುಡಿಮೆಯ ಬದುಕನ್ನೆಲ್ಲ ಸಿಲೋನ್, ಮಲಯಾಗಳ ತೋಟಗಳಲ್ಲಿ, ಸುಂಕದ ಕಚೇರಿಯಲ್ಲಿ ಕಳೆದವರು. ಮಾಟದ ಹಳೆಯ ಕಾಯ್ದೆ ಬ್ರಿಟನ್ನಿನಲ್ಲಿ 1951ರಲ್ಲಿ ರದ್ದಾಯಿತು. 1954ರಲ್ಲಿ ಅವರ ಪುಸ್ತಕ ಹೊರಬಂತು. ತಾನು ಹೊಸದೇನನ್ನೂ ಕಟ್ಟುತ್ತಿಲ್ಲ, ಅಡಗಿ ಉಳಿದುಕೊಂಡು ಬಂದ ಪುರಾತನ ಧರ್ಮವನ್ನು ಹೊರಗೆ ತೋರಿಸುತ್ತಿದ್ದೇನೆ ಎಂಬುದು ಅವರ ಮಾತಾಗಿತ್ತು.

ಓಸ್ಟಾರಾದ ಕಥೆ ಇನ್ನೂ ಸ್ವಾರಸ್ಯದ್ದು. ಕ್ರಿ.ಶ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಕಾಲಗಣನೆಯ ಮೇಲೆ ಬರೆದ ಗ್ರಂಥದಲ್ಲಿ, ಏಪ್ರಿಲಿಗೆ ಹೊಂದುವ ತಿಂಗಳಿಗೆ ಹಿಂದಿನವರು ಏಯೋಸ್ಟ್ರೆ ಎಂಬ ದೇವಿಯ ಹೆಸರಿಟ್ಟಿದ್ದರು ಎಂದು ಹೇಳಿ ಮುಂದೆ ಹೋಗುತ್ತಾನೆ. ಅವಳ ರೂಪವಿಲ್ಲ, ಕಥೆಯಿಲ್ಲ, ವಾಹನವಿಲ್ಲ. ಸಾವಿರದ ನೂರು ವರ್ಷ ಕಳೆದ ಮೇಲೆ, 1835ರಲ್ಲಿ ಯಾಕೋಬ್ ಗ್ರಿಮ್ ಜರ್ಮನ್ ನೆಲದಲ್ಲೂ ಓಸ್ಟಾರಾ ಎಂಬ ದೇವಿ ಇದ್ದಿರಬೇಕು ಎಂದು ಊಹಿಸಿದ. 1874ರಲ್ಲಿ ಅಡಾಲ್ಫ್ ಹೋಲ್ಟ್ಸ್‌ಮನ್ ಈಸ್ಟರ್ ಮೊಲ ತನಗೆ ಬಿಡಿಸಲಾಗದ ಒಗಟು ಎನ್ನುತ್ತಾ, ಬಹುಶಃ ಅದು ಓಸ್ಟಾರಾಳ ಪ್ರಾಣಿಯಾಗಿದ್ದೀತು ಎಂದ. ಆ 'ಬಹುಶಃ' ಮುಂದೆ ಎಲ್ಲೋ ಕಳಚಿಬಿತ್ತು. ಸಮಹಗಲಿನ ಹಬ್ಬಕ್ಕೆ ಓಸ್ಟಾರಾ ಎಂಬ ಹೆಸರು ಅಂಟಿದ್ದು 1974ರಲ್ಲಿ, ಅಮೆರಿಕದ ಏಡನ್ ಕೆಲ್ಲಿ ಎಂಬವರು ಪಂಚಾಂಗ ಸಿದ್ಧಪಡಿಸುವಾಗ. ಬೀಡ್ ಇಲ್ಲದ್ದನ್ನು ಕಟ್ಟಿ ಹೇಳಿದ ಎಂದು ನಾನು ತಿಳಿದಿಲ್ಲ. 1958ರಲ್ಲಿ ಜರ್ಮನಿಯ ಮೋರ್ಕನ್-ಹಾರ್ಫ್ ಬಳಿ ಇದಕ್ಕೆ ಹತ್ತಿರದ ಹೆಸರಿನ ಮಾತೃದೇವತೆಗಳಿಗೆ ಅರ್ಪಿಸಿದ ರೋಮನ್ ಕಾಲದ ಶಾಸನಗಳು ನೂರಕ್ಕೂ ಹೆಚ್ಚು ಸಿಕ್ಕವು. ದೇವಿ ಇದ್ದಿರಬಹುದು. ಅವಳ ಕೈಗೆ ಮೊಟ್ಟೆ ಕೊಟ್ಟವರು, ಪಕ್ಕದಲ್ಲಿ ಮೊಲ ಕೂರಿಸಿದವರು ಮಾತ್ರ ನಮಗೆ ತೀರ ಹತ್ತಿರದವರು.

ಇದನ್ನೆಲ್ಲ ತಿಳಿದಾಗ ಜನ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಇತಿಹಾಸಕಾರನ ಮೇಲೆ ಸಿಟ್ಟಾಗುತ್ತಾರೆ. ಕೆಲವರು ಹಬ್ಬವನ್ನೇ ಬಿಟ್ಟುಬಿಡುತ್ತಾರೆ. ಎದುರುಬದುರಾಗಿ ಕಂಡರೂ ಇಬ್ಬರೂ ನಂಬಿರುವುದು ಒಂದನ್ನೇ: ಹಳೆಯದಾದರೆ ನಿಜ, ಹೊಸದಾದರೆ ಸುಳ್ಳು. ನನ್ನ ತಕರಾರು ಇರುವುದು ಈ ನಂಬಿಕೆಯ ಜೊತೆ. ಒಂದು ಆಚರಣೆ ಹಳೆಯದು ಎಂಬುದರಿಂದ ಅದು ಬಾಳಿಕೆ ಬಂತು ಎಂಬುದಷ್ಟೇ ಗೊತ್ತಾಗುತ್ತದೆ. ಬಾಳಿಕೆ ಬಂದದ್ದರಲ್ಲಿ ಕ್ರೌರ್ಯವೂ ಇದೆ. ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಸುಡುವುದೂ ಯುರೋಪಿನಲ್ಲಿ ತಲೆಮಾರುಗಳ ಕಾಲ ಪದ್ಧತಿಯೇ ಆಗಿತ್ತು. ಇನ್ನೊಂದು ಕಡೆ, ಇಂದು ಹಳೆಯದಾಗಿರುವ ಪ್ರತಿ ಹಬ್ಬಕ್ಕೂ ಒಂದು ಮೊದಲ ವರ್ಷ ಇತ್ತು. ಆ ವರ್ಷ ಅದನ್ನು ಮಾಡಿದವರ ಬೆನ್ನಿಗೆ ಯಾವ ಪರಂಪರೆಯೂ ಇರಲಿಲ್ಲ. ಅವರ ಮುಂದೆ ಇದ್ದದ್ದು ಕೆಚ್ಚಲು ತುಂಬಿದ ಕುರಿ, ಚೂರು ಉದ್ದವಾದ ಸಂಜೆ.

ಹಾಗೆಂದು ಸುಳ್ಳು ವಯಸ್ಸು ಹೇಳುವುದು ನಿರಪಾಯವಲ್ಲ. ಮಾಟಗಾತಿಯರ ಬೇಟೆಯಲ್ಲಿ ತೊಂಬತ್ತು ಲಕ್ಷ ಹೆಂಗಸರು ಸತ್ತರು ಎಂಬ ಮಾತು ವಿಕ್ಕಾದವರಲ್ಲಿ ಬಹಳ ದಿನ ಓಡಾಡಿತು. ಅವರೆಲ್ಲ ಹಳೆಯ ಧರ್ಮವನ್ನು ಕಾಪಾಡಿದ ನಮ್ಮ ಪೂರ್ವಜರು ಎಂಬ ಮಾತೂ. ಇತಿಹಾಸಕಾರರ ಅಂದಾಜು 40ರಿಂದ 60 ಸಾವಿರ, ಅವರಲ್ಲಿ ಗಂಡಸರೂ ಇದ್ದರು. ಆ ಸಂಖ್ಯೆ ಸಾಲದೆ? ಇಲ್ಲಿಂದ ದೂರವೇನಲ್ಲದ ಕಿಲ್ಕೆನ್ನಿಯಲ್ಲಿ 1324ರ ನವೆಂಬರ್ 3ರಂದು ಪೆಟ್ರೊನಿಲ್ಲಾ ಎಂಬ ಮನೆಗೆಲಸದವಳನ್ನು ಜೀವಂತ ಸುಟ್ಟರು. ಆರೋಪ ಹೊತ್ತ ಅವಳ ಶ್ರೀಮಂತ ಒಡತಿ ತಪ್ಪಿಸಿಕೊಂಡು ದೇಶ ಬಿಟ್ಟಿದ್ದಳು. ಪೆಟ್ರೊನಿಲ್ಲಾಳನ್ನು ಗುಪ್ತ ಧರ್ಮದ ಪೂಜಾರಿಣಿ ಮಾಡಿದರೆ ಅವಳ ಪಾಲಿನ ನಿಜ ಅಳಿಸಿಹೋಗುತ್ತದೆ: ಅವಳು ಚಾಟಿಯ ಪೆಟ್ಟು ತಿಂದು ತಪ್ಪೊಪ್ಪಿಕೊಂಡ ಒಬ್ಬ ಆಳು. ನಮ್ಮ ಹಬ್ಬಕ್ಕೆ ಹಿರಿಮೆ ಬೇಕೆಂದು ಸತ್ತವರ ಬಾಯಲ್ಲಿ ನಮ್ಮ ಮಾತು ಇಡುವುದು ಅವರಿಗೆ ಮಾಡುವ ಎರಡನೆಯ ಅನ್ಯಾಯ.

ಇದಕ್ಕೆ ಎದುರಾಗಿ ಕಿಲ್ಡೇರಿನ ದೀಪವನ್ನು ನೋಡಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಇಲ್ಲಿಯ ಬಗ್ಗೆ ಬರೆದ ವೇಲ್ಸಿನ ಜೆರಾಲ್ಡ್, ಬ್ರಿಜಿಡ್‌ಳ ಮಠದಲ್ಲಿ ಆರದ ಬೆಂಕಿಯೊಂದು ಇತ್ತೆಂದೂ, ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಂತೆ ರಾತ್ರಿ ಕಾದು, ಇಪ್ಪತ್ತನೆಯ ರಾತ್ರಿಯನ್ನು ಬ್ರಿಜಿಡ್‌ಗೇ ಬಿಡುತ್ತಿದ್ದರೆಂದೂ ಹೇಳುತ್ತಾನೆ. ಎಷ್ಟು ಸೌದೆ ಉರಿದರೂ ಬೂದಿ ಹೆಚ್ಚುತ್ತಿರಲಿಲ್ಲವಂತೆ. ಹದಿನಾರನೆಯ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿದಾಗ ಆ ಬೆಂಕಿ ಆರಿತು ಎನ್ನುತ್ತಾರೆ. 1993ರಲ್ಲಿ ಬ್ರಿಜಿಡೈನ್ ಸೋದರಿಯರು ಕಿಲ್ಡೇರ್ ಪಟ್ಟಣದಲ್ಲಿ ಅದನ್ನು ಮತ್ತೆ ಹಚ್ಚಿದರು. ಲೆಕ್ಕ ಹಾಕಿದರೆ ಅದು ನನಗಿಂತ ಚಿಕ್ಕ ದೀಪ. ಅದರ ಮುಂದೆ ನಿಂತವರಲ್ಲಿ ಯಾರೂ "ಇದು ನಕಲಿ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಯಾಕೆಂದರೆ 1993ನ್ನು ಯಾರೂ ಮುಚ್ಚಿಟ್ಟಿಲ್ಲ. ನಡುವೆ ನಾಲ್ಕು ನೂರು ವರ್ಷ ಕತ್ತಲಿತ್ತು ಎಂಬುದೂ ಈಗ ಆ ದೀಪದ ಕಥೆಯ ಭಾಗ. ಬ್ರಿಜಿಡ್‌ಳ ವಿಷಯದಲ್ಲಂತೂ ದೇವಿ ಎಲ್ಲಿ ಮುಗಿದಳು, ಸಂತಳು ಎಲ್ಲಿ ಶುರುವಾದಳು ಎಂದು ಗೆರೆ ಎಳೆಯಲು ಪಂಡಿತರಿಗೂ ಆಗಿಲ್ಲ. ಕಾರ್ಮಕ್‌ನ ನಿಘಂಟಿನಲ್ಲಿ ಅವಳು ಕವಿಗಳ ದೇವಿ. ವೈದ್ಯಕ್ಕೊಬ್ಬಳು, ಕಮ್ಮಾರಿಕೆಗೊಬ್ಬಳು ಅದೇ ಹೆಸರಿನ ಇಬ್ಬರು ಸೋದರಿಯರು. ಏಳನೆಯ ಶತಮಾನದ ಕೊಗಿಟೋಸಸ್ ಬರೆದ ಚರಿತ್ರೆಯಲ್ಲಿ ಅವಳು ಒದ್ದೆ ಮೇಲಂಗಿಯನ್ನು ಬಿಸಿಲಕೋಲಿನ ಮೇಲೆ ಒಣಹಾಕುವ ಸಂತಳು. 2023ರಿಂದ ಅವಳ ಹೆಸರಲ್ಲಿ ದೇಶಕ್ಕೇ ರಜೆ. ಪ್ರತಿ ಕಾಲವೂ ಅವಳನ್ನು ತನಗೆ ಬೇಕಾದ ಹಾಗೆ ಬರಮಾಡಿಕೊಂಡಿದೆ.

ಹಾಗಾದರೆ ಯಾರು ಏನನ್ನು ಬೇಕಾದರೂ ಹಬ್ಬ ಅನ್ನಬಹುದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನಗೆ ಬೇಕಾದಾಗ ಬಂದು ಬೇಡವಾದಾಗ ಹೋಗುವುದನ್ನು ನಾನು ಹಬ್ಬ ಎನ್ನಲಾರೆ. ಹಬ್ಬ ನನ್ನನ್ನು ಕೇಳಿ ಬರುವುದಿಲ್ಲ; ಬಂದಾಗ ನನ್ನ ಮನಸ್ಸು ಹೇಗೇ ಇರಲಿ, ಮನೆ ಸಾರಿಸಬೇಕು. ಹಾಗೆ ನಮ್ಮನ್ನು ಎಬ್ಬಿಸುವ ಹಕ್ಕು ಅದಕ್ಕೆ ಬರುವುದು ಹೊರಗೆ ನಿಜವಾಗಿ ನಡೆಯುತ್ತಿರುವ ಒಂದಕ್ಕೆ ಅದು ಕಟ್ಟುಬಿದ್ದಾಗ. ವಿಕ್ಕಾದವರು ಆಸ್ಟ್ರೇಲಿಯಾಕ್ಕೆ ಹೋದಾಗ ಇದೇ ಪರೀಕ್ಷೆ ಎದುರಾಯಿತು. ಫೆಬ್ರವರಿ 1ರಂದು ಅಲ್ಲಿ ಉರಿಬೇಸಿಗೆ. ಪುಸ್ತಕದ ತಾರೀಖು ಹಿಡಿಯುವುದೋ, ಕಾಲ ಕೆಳಗಿನ ನೆಲವನ್ನೋ? ಹಲವರು ಚಕ್ರವನ್ನೇ ತಿರುಗಿಸಿ ಇಂಬೋಲ್ಕನ್ನು ಆಗಸ್ಟಿಗೆ ಒಯ್ದರು. ವಿಕ್ಕಾ ನಿಜವಾದ ಧರ್ಮವಾಗಿ ಬೆಳೆದದ್ದು ಆ ನಿರ್ಧಾರದಲ್ಲಿ ಎಂದು ನಾನು ತಿಳಿದಿದ್ದೇನೆ. ನಮ್ಮ ಪಂಚಾಂಗದವರು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸುವುದೂ ಇದಕ್ಕೇ. ಇಲ್ಲವಾದರೆ ಚೈತ್ರ ಜಾರುತ್ತಾ ಜಾರುತ್ತಾ ಚಿಗುರಿಲ್ಲದ ಕಾಲಕ್ಕೆ ಹೋಗಿ ನಿಲ್ಲುತ್ತಿತ್ತು.

ನಮ್ಮ ಮನೆಗೂ ಆ ಪರೀಕ್ಷೆ ಬಂತು. ಐರ್ಲೆಂಡಿನ ನೆಲದಲ್ಲಿ ಬೇವು ಬೆಳೆಯುವುದಿಲ್ಲ. ಮೊದಮೊದಲು ಊರಿನಿಂದ ತಂದ ಒಣ ಬೇವಿನ ಹೂವಿನಿಂದ ಯುಗಾದಿ ಸಾಗಿತು. ಒಂದು ವರ್ಷ ಡಬ್ಬಿ ಖಾಲಿ. ಮಗಳು ಹಿತ್ತಲಿಗೆ ಹೋಗಿ ಹುಲ್ಲಿನ ನಡುವೆ ಎದ್ದಿದ್ದ ದಂಡೇಲಿಯನ್ ಎಲೆ ಕಿತ್ತು ತಂದಳು. ಹಲ್ಲುಹಲ್ಲಾದ ಅಂಚಿನ ಎಲೆ, ಮುರಿದರೆ ಹಾಲು, ನಾಲಿಗೆಗೆ ಚೆನ್ನಾಗಿ ಕಹಿ. ಸಣ್ಣಗೆ ಹೆಚ್ಚಿ ಬೆಲ್ಲ ಬೆರೆಸಿದೆವು. ಫೋನಿನಲ್ಲಿ ಅಮ್ಮನಿಗೆ ಹೆದರುತ್ತಲೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಹಿ ಇತ್ತು ತಾನೆ? ಸಾಕು ಬಿಡು" ಎಂದರು. ಮುಂದೆ ನನ್ನ ಮಗಳು ತನ್ನ ಮಕ್ಕಳಿಗೆ ಅದೇ ಎಲೆ ಕೊಟ್ಟರೆ ನನಗೆ ಸಂತೋಷವೇ. ಇದು ನಮ್ಮ ಮುತ್ತಜ್ಜನ ಕಾಲದಿಂದ ಬಂದದ್ದು ಎಂದು ಮಾತ್ರ ಅವಳು ಹೇಳಬಾರದು. ಬೇವು ಇರಲಿಲ್ಲ, ಹಿತ್ತಲಿಗೆ ಹೋದೆ, ಸಿಕ್ಕ ಕಹಿಯನ್ನು ತಂದೆ ಎಂದೇ ಹೇಳಬೇಕು. ಮಕ್ಕಳಿಗೆ ಆ ಮಾತು ಎಲೆಯಷ್ಟೇ ಮುಖ್ಯ.

ಇದನ್ನೆಲ್ಲ ನನ್ನ ಗೆಳತಿಗೆ ಹೇಳಿದಾಗ ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಕಳೆದ ಮಾರ್ಚ್‌ನಲ್ಲಿ ಅವಳ ಮನೆಗೆ ಹೋಗಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಬಣ್ಣದ ಮೊಟ್ಟೆಗಳಿದ್ದವು, ಪಕ್ಕದಲ್ಲಿ ಪೂಜೆಯ ಕ್ರಮ ಬರೆದಿಟ್ಟುಕೊಳ್ಳುವ ಅವಳ ನೋಟ್‌ಬುಕ್ ತೆರೆದಿತ್ತು. ಓಸ್ಟಾರಾ ಎಂಬ ಹೆಸರಿನ ಎದುರು ಪೆನ್ಸಿಲಿನಲ್ಲಿ ಸಣ್ಣದಾಗಿ 725, 1835, 1974 ಎಂದು ಬರೆದಿದ್ದಳು. ಹಿಂದಿನ ಪುಟದಲ್ಲಿ ಇಂಬೋಲ್ಕ್‌ನ ಎದುರು 'ಕುರಿಯ ಹಾಲು' ಎಂದಷ್ಟೇ ಇತ್ತು. ನಾನು ಓದುತ್ತಿರುವುದನ್ನು ಕಂಡು ಏನೂ ಹೇಳದೆ ಒಂದು ಕುಂಡ ನನ್ನ ಕೈಗೆ ಕೊಟ್ಟಳು. ಬಟಾಣಿ ಬೀಜಗಳನ್ನು ಎಣಿಸಿ ಅಂಗೈಗೆ ಹಾಕಿ, ಒಂದು ಬೆರಳುಗೆಣ್ಣಿನಷ್ಟು ಆಳಕ್ಕೆ ಒತ್ತು ಎಂದು ತೋರಿಸಿದಳು. ಮಣ್ಣು ತಣ್ಣಗಿತ್ತು. ಇಬ್ಬರೂ ಕಿಟಕಿಯ ಬಳಿ ನಿಂತು, ದೀಪ ಹಾಕದೆ, ಬೆಳಕು ಇರುವವರೆಗೂ ಬೀಜ ಊರಿದೆವು.