ದಿನದ ಧಮ್ಮ ಚಿಂತನೆ: ಗೊತ್ತಿಲ್ಲದೆ ಕಳಿಸಿದ್ದು ಸುಳ್ಳಾಗುತ್ತದೆಯೇ?



ಪ್ರಧಾನಮಂತ್ರಿಗಳ ಹೆಸರಿನಲ್ಲಿ ಉಚಿತ ಹೊಲಿಗೆ ಯಂತ್ರ, ಲಿಂಕ್ ಒತ್ತಿ, ಹತ್ತು ಗ್ರೂಪಿಗೆ ಕಳಿಸಿ ಎನ್ನುವಂಥ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿದೆ. ಉಚಿತ ಲ್ಯಾಪ್‌ಟಾಪ್, ಮೂರು ತಿಂಗಳ ಉಚಿತ ರೀಚಾರ್ಜ್‌ಗಳ ಕಥೆಯೂ ಅದೇ. 2021ರಲ್ಲಿ ಟಾಟಾ ಸಮೂಹದ 150ನೇ ವರ್ಷಕ್ಕೆ ಕಾರು ಬಹುಮಾನ ಎಂಬ ಲಿಂಕ್ ಹರಿದಾಡಿ, ಅದು ತಮ್ಮದಲ್ಲ ಎಂದು ಕಂಪನಿಯವರೇ ಹೇಳಬೇಕಾಯಿತು. ಟಾಟಾ ಶುರುವಾದದ್ದು 1868ರಲ್ಲಿ. ಕೂಡಿಸಿ ನೋಡಿದ್ದರೆ 150 ತುಂಬಿ ಆಗಲೇ ಮೂರು ವರ್ಷ ಕಳೆದಿತ್ತು!

ಕಳಿಸಿದವರನ್ನು ಕೇಳಿದರೆ ಬರುವ ಉತ್ತರ ಒಂದೇ: ‘ನನ್ಗೇನ್ ಗೊತ್ತು, ಯಾರೋ ಕಳ್ಸುದ್ರು, ಬಡವ್ರಿಗೆ ಅನ್ಕೂಲ ಆಗ್ಲಿ ಅಂತ ಹಾಕ್ದಿ.’ ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮುಸಾವಾದ ಆಗಬೇಕಾದರೆ ಮೋಸಗೊಳಿಸುವ ಮನಸ್ಸೂ ಇರಬೇಕೆಂದು ಪಾಲಿ ಅಟ್ಠಕಥೆಗಳು ಹೇಳುತ್ತವೆ. ಆ ಲೆಕ್ಕಕ್ಕೆ ಇವರು ನಾಲ್ಕನೇ ಶೀಲ ಮುರಿದಿಲ್ಲ. ಆದರೆ ಬುದ್ಧರು ಅಲ್ಲಿಗೇ ನಿಲ್ಲಿಸಲಿಲ್ಲ. ಮಗ ರಾಹುಲನಿಗೆ ಅವರು ಕನ್ನಡಿಯ ಉದಾಹರಣೆ ಕೊಟ್ಟರು. ಮಾತಾಡುವ ಮೊದಲು, ಆಡುವಾಗ, ಆಡಿದ ಮೇಲೆ, ಮೂರು ಸಲವೂ ಇದರಿಂದ ನನಗಾಗಲಿ ಇತರರಿಗಾಗಲಿ ಕೇಡಾಗುತ್ತದೆಯೇ ಎಂದು ನೋಡಿಕೊಳ್ಳಬೇಕೆಂದರು. ಮನಸ್ಸು ಒಳ್ಳೆಯದಿತ್ತು ಎನ್ನುವುದು ಈ ಪ್ರಶ್ನೆಗೆ ಉತ್ತರವಲ್ಲ. ನೋಡಿದೆವೋ ಇಲ್ಲವೋ?

ಕೇಡು ಯಾರಿಗೆ? ಮಾದಪ್ಪನ ಬೆಟ್ಟದ ಒಳಗಿನ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಆಧಾರ್ ಜೆರಾಕ್ಸ್ ಹಿಡಿದು ಹನೂರಿಗೋ ಕೊಳ್ಳೇಗಾಲಕ್ಕೋ ಬಂದು, ಅಂಥ ಯೋಜನೆಯೇ ಇಲ್ಲ ಎನ್ನಿಸಿಕೊಂಡು ಹಿಂದಿರುಗುತ್ತಾಳೆ ಎಂದುಕೊಳ್ಳಿ. ಶಕ್ತಿ ಯೋಜನೆಯಿಂದ ಬಸ್ಸು ಉಚಿತ, ಬಿಟ್ಟ ಕೂಲಿ ಉಚಿತವಲ್ಲ. ಲಿಂಕಿನೊಳಗೆ ಬ್ಯಾಂಕ್ ವಿವರ, ಒಟಿಪಿ ತುಂಬಿದ್ದರೆ ಖಾತೆಯೇ ಖಾಲಿ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಎರಡು ಸಲ ಹೀಗಾದವಳು ಮೂರನೇ ಸಲ ಮಗಳ ವಿದ್ಯಾರ್ಥಿವೇತನದ ಅರ್ಜಿ, ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸಾಲ ಎಂದರೂ ನಂಬುವುದಿಲ್ಲ. ಅವು ಯಾರೋ ಕೊಡುವ ಉಡುಗೊರೆಯಲ್ಲ, ಹಕ್ಕು. ಹಕ್ಕಿಗೆ ಅರ್ಜಿ ಇರುತ್ತದೆ, ಕಚೇರಿ ಇರುತ್ತದೆ, ಕೊನೆಯ ದಿನಾಂಕ ಇರುತ್ತದೆ, ಕೊಡದಿದ್ದರೆ ಪ್ರಶ್ನಿಸಲು ಒಬ್ಬ ಅಧಿಕಾರಿ ಇರುತ್ತಾರೆ. ಹತ್ತು ಜನಕ್ಕೆ ಕಳಿಸಿದರೆ ಮಾತ್ರ ಸಿಗುವ ಹಕ್ಕು ಬಾಬಾಸಾಹೇಬರ ಸಂವಿಧಾನದಲ್ಲಿ ಯಾವುದೂ ಇಲ್ಲ.

ಹಿಂದೆ ಅಂಚೆ ಕಾರ್ಡಿನಲ್ಲಿ ದೇವರ ಹೆಸರು ಬರೆದು, ಇಷ್ಟು ಜನಕ್ಕೆ ಕಳಿಸದಿದ್ದರೆ ಮನೆಗೆ ಕೇಡು ಎಂದು ಹೆದರಿಸುತ್ತಿದ್ದರು. 1956ರ ದೀಕ್ಷೆಯ ದಾರಿ ಹಿಡಿದು ಆ ಭಯ ಕಳಚಿಕೊಂಡೆವು. ಈಗ ಭಯ ಕೂತಿದ್ದ ಜಾಗದಲ್ಲಿ ಆಸೆ ಕೂತಿದೆ, ಕಾರ್ಡು ಮಾತ್ರ ಅದೇ. ಬೇರೆಯವರ ಪುರಾಣ ಪ್ರಶ್ನಿಸಲು ನಾವು ಕಾಲಾಮ ಸುತ್ತವನ್ನು ಚೆನ್ನಾಗಿಯೇ ಬಳಸುತ್ತೇವೆ. ನಮ್ಮ ಗುರುವೇ ಹೇಳಿದರು ಎಂಬ ಕಾರಣಕ್ಕೂ ಒಪ್ಪಬೇಡಿ ಎಂಬುದೂ ಅದರಲ್ಲಿದೆ. ಜೈ ಭೀಮ್ ಎಂದು ಶುರುವಾಗುವ ಫಾರ್ವರ್ಡ್‌ಗೆ ವಿನಾಯಿತಿ ಕೊಟ್ಟವರು ಯಾರು?

ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಬಹಳ ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥದ್ದನ್ನು ವಾಟ್ಸಾಪ್ ಒಂದು ಸಲಕ್ಕೆ ಒಂದೇ ಚಾಟ್‌ಗೆ ಬಿಡುತ್ತದೆ. ಆ ಒಂದನ್ನೂ ತಡೆಯುವುದು ನಮ್ಮ ಬೆರಳು. ನಮ್ಮ ಫೋನಿನಲ್ಲಿ ಅಳಿಸಿ ಸುಮ್ಮನಾದರೆ ಗ್ರೂಪಿನ ಉಳಿದವರು ಒತ್ತುತ್ತಾರೆ. ಹಿರಿಯರು ಹಾಕಿದ್ದರೆ ಎಲ್ಲರೆದುರು ಹಂಗಿಸುವುದು ಸಮ್ಮಾ ವಾಚಾ ಅಲ್ಲ. ಫೋನ್ ಮಾಡಿ ‘ದೊಡ್ಡಪ್ಪ, ಅದು ಸುಳ್ಳು, ಎಲ್ಲರಿಗೂ ಅಳ್ಸಿಬುಡಿ’ ಎನ್ನಿ. ಆಮೇಲೆ ಯಾರ ಹೆಸರೂ ಎತ್ತದೆ, ಆ ಲಿಂಕ್ ಒತ್ತಬೇಡಿ ಎಂದು ಗ್ರೂಪಿನಲ್ಲಿ ಒಂದು ಸಾಲು ಹಾಕಿ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ನಾಚಿಕೆಪಟ್ಟು ಮನೆಯಲ್ಲಿ ಕೂತಷ್ಟು ಹೊತ್ತೂ ಆ ಹಣ ಖಾತೆಯಿಂದ ಖಾತೆಗೆ ದಾಟುತ್ತಿರುತ್ತದೆ.