ಕದ್ದ ಪ್ರತಿ, ಕೊಟ್ಟ ಪ್ರತಿ



ನಮ್ಮ ಕಾಸರಗೋಡಿನ ಅಡಿಕೆ ವ್ಯಾಪಾರಿಗಳು ತಕ್ಕಡಿಯ ವಿಷಯದಲ್ಲಿ ಬಹಳ ಎಚ್ಚರ. ತೂಕದಲ್ಲಿ ಮೋಸ ಕಂಡ ರೈತ ಮರುವರ್ಷ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ನಾನೂ ಆ ಹೆಸರನ್ನು ಕಾಪಾಡಿಕೊಂಡು ಬಂದವನೇ. ಆದರೆ ಅದೇ ತಕ್ಕಡಿಯ ಪಕ್ಕದ ಮೇಜಿನ ಮೇಲೆ ಹನ್ನೊಂದು ವರ್ಷ ಕದ್ದ ಮಾಲು ಇತ್ತು. ಅದನ್ನು ತೋರಿಸಿಕೊಟ್ಟವಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುವ ನನ್ನ ಮಗಳು.

"ಅಪ್ಪ, ಈ ಲೆಕ್ಕದ ಪ್ರೋಗ್ರಾಮು ನಾವು ದುಡ್ಡು ಕೊಟ್ಟು ತಂದದ್ದಾ?"

"ಇಲ್ಲ ಮಗಾ, ಕಂಪ್ಯೂಟರ್ ಕೊಟ್ಟವನೇ ಹಾಕಿಕೊಟ್ಟ."

"ಅವನಿಗೆ ಯಾರು ಕೊಟ್ಟರು?"

ನನ್ನಲ್ಲಿ ಉತ್ತರವಿರಲಿಲ್ಲ. ಅವಳಿಗೆ ಈ ಪ್ರಶ್ನೆ ಹೊಳೆದದ್ದಕ್ಕೆ ಕಾರಣವಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಹಾಗಾಗಿ ನಮ್ಮ ಗಡಿನಾಡಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ಲಿನಕ್ಸ್ ಮೇಲೆ, ಯಾರನ್ನೂ ವಂಚಿಸದೆ ಪಡೆದ ತಂತ್ರಾಂಶದ ಮೇಲೆ. ಮನೆಗೆ ಬಂದರೆ ಅಪ್ಪನ ಅಂಗಡಿಯಲ್ಲಿ ಬೇರೆ ಪಾಠ.

ಮೊದಲು ನನ್ನ ಮನಸ್ಸು ನೆವ ಹುಡುಕಿತು. ಅಡಿಕೆ ಮೂಟೆ ಕದ್ದರೆ ಯಜಮಾನನಿಗೆ ಮೂಟೆ ನಷ್ಟ. ನಕಲು ಮಾಡಿದರೆ ಅವನ ಮಾಲು ಅವನಲ್ಲೇ ಇರುತ್ತದಲ್ಲ, ಕಳವು ಹೇಗಾಯಿತು? ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಯೋಚಿಸಿ. ಮಳೆಗಾಲದಲ್ಲಿ ಒಬ್ಬ ಕೆಲಸಗಾರ ಮರ ಹತ್ತಿ ತೋಟಕ್ಕೆಲ್ಲ ಮದ್ದು ಬಿಡುತ್ತಾನೆ. ಸಂಜೆ ಕೂಲಿ ಕೊಡದೆ ಕಳಿಸಿದರೆ, ಅವನ ಮನೆಯಿಂದ ನಾವು ಒಂದು ಕಡ್ಡಿಯನ್ನೂ ಒಯ್ದಿಲ್ಲ. ಮರ ಹತ್ತುವ ವಿದ್ಯೆ ಅವನಲ್ಲೇ ಇದೆ. ಆದರೂ ಅದನ್ನು ಮೋಸ ಎನ್ನದೆ ಬೇರೇನೆನ್ನುತ್ತೇವೆ? ಅವನನ್ನು ನಾವೇ ಕರೆದದ್ದು, ತಂತ್ರಾಂಶ ಬರೆದವನನ್ನು ಕರೆದವರಲ್ಲ ಎನ್ನಬಹುದು. ಹೌದು. ಆದರೆ ಅವನು ತನ್ನ ಶ್ರಮವನ್ನು ಒಂದು ಷರತ್ತಿನ ಮೇಲೆ ಮುಂದಿಟ್ಟ. ನಾವು ಶ್ರಮವನ್ನು ಎತ್ತಿಕೊಂಡು ಷರತ್ತನ್ನು ಬಿಸಾಡಿದೆವು. ಕಾಯಕಕ್ಕೆ ಬೆಲೆ ಕೊಡುವ ಪರಂಪರೆಯವರಾದ ನಮಗೆ ಇದು ತಿಳಿಯಲು ಪಂಡಿತರು ಬೇಕಿಲ್ಲ.

ಕಂಪನಿ ಶ್ರೀಮಂತ ಎಂಬುದು ಎರಡನೆಯ ನೆವ. ಸಾಹುಕಾರನಿಗೆ ತೂಕದಲ್ಲಿ ಮೋಸ ಮಾಡಿದರೂ ಮೋಸವೇ. ಬೆಲೆ ಕೈಗೆಟುಕದು ಎಂಬುದು ಮೂರನೆಯದು. ಇದರಲ್ಲಿ ಮಾತ್ರ ಸತ್ಯವಿದೆ. ಚಿಕ್ಕ ಅಂಗಡಿಗೆ ಅದು ನಿಜವಾದ ಭಾರ. ಆದರೆ ಬೇರೆ ಬಾಗಿಲು ತೆರೆದಿರುವಾಗ ಗೋಡೆ ಹಾರಿದವನು ಬಡತನದ ಮಾತಾಡುವಂತಿಲ್ಲ.

ಆ ಬಾಗಿಲು ತೆರೆದು ಬಹಳ ಕಾಲವಾಯಿತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದರು. ಬಳಸಿ, ಒಳಗೇನಿದೆ ನೋಡಿ, ತಿದ್ದಿ, ನೆರೆಯವರಿಗೂ ಕೊಡಿ ಎಂಬುದು ಅದರ ನೇಮ. ರೈತರಿಗೆ ಇದು ಹೊಸತಲ್ಲ. ಬೆಳೆಯಲ್ಲಿ ಬೀಜ ಉಳಿಸಿ, ಬಿತ್ತಿ, ನೆರೆಮನೆಗೆ ಕೊಡುವ ನಮ್ಮ ಹಕ್ಕನ್ನು 2001ರ ಸಸ್ಯ ತಳಿ ಕಾನೂನು ಒಪ್ಪಿಕೊಂಡಿದೆ. ಸಂರಕ್ಷಿತ ತಳಿಯನ್ನು ಬ್ರಾಂಡಿನ ಹೆಸರು ಹಾಕಿ ಮಾರಬಾರದು, ಅಷ್ಟೇ. ಕದ್ದ ಪ್ರತಿಯೂ ನಕಲು, ಮುಕ್ತ ಪ್ರತಿಯೂ ನಕಲು, ಎರಡಕ್ಕೂ ಕಾಸಿಲ್ಲ. ಆದರೆ ಒಂದನ್ನು ನಾವು ಕಿತ್ತುಕೊಂಡದ್ದು, ಇನ್ನೊಂದನ್ನು ಬೆಳೆದವನೇ ಕೈಗಿತ್ತದ್ದು.

ನಮಗೆ ಕಾಣದ ಇನ್ನೊಂದು ನಷ್ಟವಿದೆ. ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಇಂದು ಲಕ್ಷಾಂತರ ಜನ ಕನ್ನಡ ಬೆರಳಚ್ಚು ಮಾಡುತ್ತಾರೆ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಗಳನ್ನು ಮಾಡಿದವರು ಮುಕ್ತವಾಗಿ ಹಂಚಿದ್ದಾರೆ. ಎಲ್ಲರೂ ಕದ್ದದ್ದನ್ನೇ ಬಳಸಿದರೆ ಇಂಥವುಗಳನ್ನು ಕೇಳುವವರಿಲ್ಲ; ಒತ್ತಕ್ಷರ ಎಲ್ಲಿ ಕೆಟ್ಟಿದೆ ಎಂದು ಹೇಳುವವರೂ ಇಲ್ಲ. ಕಳವಿನಿಂದ ಶ್ರೀಮಂತ ಕಂಪನಿಗಿಂತ ಹೆಚ್ಚು ಸೊರಗುವುದು ಧರ್ಮಕ್ಕೆ ಕೊಟ್ಟವನ ತೋಟ.

ಕಾನೂನಿನ ಮಾತೂ ತಿಳಿದಿರಲಿ. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಾದ ತಿದ್ದುಪಡಿಯಂತೆ, ಕದ್ದ ಪ್ರತಿಯೆಂದು ತಿಳಿದೂ ವ್ಯಾಪಾರದಲ್ಲಿ ಬಳಸಿದವನಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಆದರೆ ಹೆದರಿ ಬಿಟ್ಟ ಕಳವು ಹೆದರಿಕೆ ಹೋದೊಡನೆ ಮರಳಿ ಬರುತ್ತದೆ.

ನಾನು ಬಿಟ್ಟೆ. ಸುಲಭವಾಗಿತ್ತೆಂದು ಹೇಳಲಾರೆ. ಹಳೆಯ ಲೆಕ್ಕ ಹೊಸದರಲ್ಲಿ ತೆರೆಯಲಿಲ್ಲ. ಅಡಿಕೆ ಬರುವ ಭರದಲ್ಲೇ ಮೂರು ವಾರ ಕೈಯಲ್ಲಿ ಖಾತೆ ಬರೆದೆ. ರೈತರ ಬಾಕಿ ಒಂದೆರಡು ತಪ್ಪಿ, ಕ್ಷಮೆ ಕೇಳಿ ಸರಿಪಡಿಸಿದೆ. ದಿನದ ಲೆಕ್ಕ ಈಗ ಲಿಬ್ರೆ ಆಫೀಸಿನಲ್ಲಿದೆ. ತೆರಿಗೆಯ ಕೆಲಸಕ್ಕೆ ಬೇಕೇಬೇಕಾದ ಒಂದು ಪ್ರೋಗ್ರಾಮನ್ನು ಹಣ ಕೊಟ್ಟೇ ಕೊಂಡೆ. ಕೊಳ್ಳುವುದು, ಮುಕ್ತವಾದದ್ದನ್ನು ಬಳಸುವುದು, ಇಲ್ಲದೆ ನಿಭಾಯಿಸುವುದು: ಈ ಮೂರೂ ನೇರ ದಾರಿ. ನಾಲ್ಕನೆಯದು ಅಡ್ಡದಾರಿ.

ಮುಕ್ತವೆಂದರೆ ಪುಕ್ಕಟೆಯೆಂದು ಉಂಡು ಏಳುವುದೂ ಸಲ್ಲದು. ದಾಸೋಹದಲ್ಲಿ ಉಂಡವನು ಇನ್ನೊಂದು ದಿನ ಬಡಿಸಲು ನಿಲ್ಲಬೇಕು. ತಪ್ಪು ಕಂಡರೆ ತಿಳಿಸುವುದು, ಬಲ್ಲವರು ಕನ್ನಡಕ್ಕೆ ಅನುವಾದಿಸುವುದು, ಕೈಲಾದಷ್ಟು ಕಾಣಿಕೆ ಕಳಿಸುವುದು, ಪಕ್ಕದ ಅಂಗಡಿಯವನಿಗೆ ಹಾಕಿಕೊಡುವುದು: ಇದೇ ನಮ್ಮ ಬಡಿಸುವ ಸರದಿ.

ಈಗ ಮಗಳು ಕೇಳಿದರೆ ಪ್ರತಿಯೊಂದೂ ಎಲ್ಲಿಂದ ಬಂತೆಂದು ಹೇಳಬಲ್ಲೆ. ನಿಮ್ಮ ಅಂಗಡಿಯ ಕಂಪ್ಯೂಟರಿನ ಮುಂದೆಯೂ ಒಮ್ಮೆ ನಿಮ್ಮ ಮಕ್ಕಳನ್ನು ಕೂರಿಸಿ, ಕೇಳಲು ಬಿಡಿ.